ಮೂರು ಬೀಗದ ಬೈಕು

ಅಜ್ಜಿಯ ತೋಳಿನಲ್ಲಿ ಸೂಜಿ ಇತ್ತು. ಅದನ್ನು ಚುಚ್ಚಿದ ಹುಡುಗಿಯ ಕಣ್ಣು ಮಾತ್ರ ಕಿಟಕಿಯಾಚೆ ಇತ್ತು.

ಅದು ತಪ್ಪು ಅಂತ ಅವಳಿಗೂ ಗೊತ್ತು. ಮನೆಮನೆಗೆ ಹೋಗಿ ರಕ್ತದ ಸ್ಯಾಂಪಲ್ ತೆಗೆಯುವವರು ಸೂಜಿ ಚುಚ್ಚಿದ ಮೇಲೆ ಬೇರೆಲ್ಲೂ ನೋಡಬಾರದು. ಆದರೆ ಎರಡನೇ ಮಹಡಿಯ ಆ ಕಿಟಕಿಯಿಂದ ಕೆಳಗೆ ನಿಂತಿದ್ದ ಅವಳ ಬೈಕು ಕಾಣುತ್ತಿತ್ತು. ಕಾಣುವಾಗ ನೋಡದೆ ಇರುವುದು ಅವಳಿಂದ ಆಗುತ್ತಿರಲಿಲ್ಲ.

ಈ ಸಲ ನೋಡಿದಾಗ ಬೈಕಿನ ಮುಂದಿನ ಚಕ್ರದ ಹತ್ತಿರ ಒಬ್ಬ ಗಂಡಸು ಕುಕ್ಕರುಗಾಲಲ್ಲಿ ಕೂತಿದ್ದ. ಒಂದು ಕೈಯಲ್ಲಿ ಏನೋ ಸಲಕರಣೆ, ಇನ್ನೊಂದು ಕೈ ಬೀಗದ ಮೇಲೆ...

ಅಯ್ಯೋ, ಇದೂ ಹೋಯಿತು. ಅಪ್ಪನಿಗೆ ಏನು ಹೇಳಲಿ?

ಸೂಜಿ ಹೊರಗೆ ಬಂತು. ಹತ್ತಿಯುಂಡೆ ಅಜ್ಜಿಯ ತೋಳಿಗೆ ಅಂಟಿತು. "ಅಜ್ಜಿ, ಒತ್ತಿ ಹಿಡ್ಕೊಳ್ಳಿ, ಈಗ ಬಂದೆ" ಎಂದವಳೇ ಮೆಟ್ಟಿಲನ್ನು ಎರಡೆರಡಾಗಿ ದಾಟಿ ಕೆಳಗೆ ಓಡಿದಳು. ಕೂತಿದ್ದವನ ಕಾಲರಿಗೇ ಕೈ ಹಾಕಿದಳು.

"ಕಳ್ಳ! ಎದ್ದೇಳೋ ಮೇಲೆ!"

ಅವನು ಎದ್ದ. ಅವಳಿಗಿಂತ ಒಂದು ಮೊಳ ಎತ್ತರವಿದ್ದ, ಹಾಗಾಗಿ ಕಾಲರ್ ಹಿಡಿದವಳೇ ತುದಿಗಾಲಲ್ಲಿ ನಿಲ್ಲಬೇಕಾಯಿತು.

"ಕಾಲರ್ ಬಿಡಿ ಮೇಡಂ. ಇವತ್ತೇ ಇಸ್ತ್ರಿ ಮಾಡಿದ್ದು."

"ಬಿಡಲ್ಲ. ಕೈಯಲ್ಲಿ ಏನದು?"

"ಟಾರ್ಚು."

ನಿಜಕ್ಕೂ ಅದು ಟಾರ್ಚೇ. ಅವನು ಅದನ್ನು ಎತ್ತಿ ಹಿಂದಿದ್ದ ಬೋರ್ಡಿನ ಕಡೆ ತೋರಿಸಿದ. ಬೀಗ ರಿಪೇರಿ, ಕೀ ಮಾಡಿಕೊಡಲಾಗುವುದು. ಮೂರು ವಾರದಿಂದ ಅದೇ ಬೋರ್ಡಿನ ಕೆಳಗೆ ಬೈಕು ನಿಲ್ಲಿಸುತ್ತಿದ್ದ ನಮ್ಮ ಹುಡುಗಿ ತನ್ನ ಬೀಗ ಬಿಟ್ಟು ಬೇರೇನನ್ನೂ ನೋಡಿರಲಿಲ್ಲ.

"ಅದು ನನ್ನ ಅಂಗಡಿ. ನೀವು ಬಂದಾಗೆಲ್ಲ ನೋಡ್ತೀನಿ, ಒಂದು ಗಾಡಿಗೆ ಮೂರು ಬೀಗ ಹಾಕ್ತೀರ. ಇಷ್ಟು ಶ್ರದ್ಧೆಯಿಂದ ಹಾಕೋರ ಬೀಗ ಹೇಗಿದೆ ನೋಡೋಣ ಅನ್ನಿಸ್ತು."

"ಹೇಗಿದೆ?"

"ಕೆಟ್ಟದಾಗಿದೆ."

ಅವಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅಷ್ಟರಲ್ಲಿ ಅವನ ಕಣ್ಣು ಮೇಲಕ್ಕೆ ಹೋಯಿತು. ಬಾಲ್ಕನಿಯಲ್ಲಿ ಅಜ್ಜಿ ನಿಂತಿದ್ದರು. ಹತ್ತಿಯುಂಡೆ ಎಲ್ಲೋ ಬಿದ್ದುಹೋಗಿತ್ತು. ಮೊಣಕೈಯಿಂದ ಬೆರಳ ತುದಿವರೆಗೂ ರಕ್ತ ಇಳಿದಿತ್ತು.

"ಅಜ್ಜಿ..." ಅಂದ ಅವನು. ಅದು ಅವನ ಅಜ್ಜಿ.

ಅವನ ಮುಖ ಬದಲಾಯಿತು. ಅವಳ ಕೈ ಕಾಲರಿನಿಂದ ತಾನಾಗಿ ಜಾರಿತು.

ಮೇಲೆ ಹೋಗಿ ಅವನೇ ಹೆಬ್ಬೆರಳಿನಿಂದ ಗಾಯವನ್ನು ಒತ್ತಿ ಹಿಡಿದು ಕೂತ. ಹತ್ತು ನಿಮಿಷ ಬೇಕಾಯಿತು ರಕ್ತ ನಿಲ್ಲಲು. ಆ ಹತ್ತು ನಿಮಿಷ ಅವಳು ಗೋಡೆಗೆ ಅಂಟಿಕೊಂಡು ನಿಂತಿದ್ದಳು.

"ಇವರು ರಕ್ತ ತೆಳ್ಳಗಾಗೋ ಮಾತ್ರೆ ತಗೋತಾರೆ ಅಂತ ಗೊತ್ತಲ್ವಾ ನಿಮಗೆ?"

"ಗೊತ್ತು."

"ಗೊತ್ತಿದ್ದೂ ಬಿಟ್ಟು ಓಡಿದ್ರಿ. ಒಂದು ಗಾಡಿಗೋಸ್ಕರ."

ಅವಳಿಗೆ ಕಣ್ಣೀರು ಬಂತು.

"ಸುಮ್ನಿರೋ ಸಾಕು" ಎಂದರು ಅಜ್ಜಿ. "ಬಕೆಟ್‌ಗಟ್ಟಲೆ ಹೋಗಿಲ್ಲ. ಆ ಹುಡುಗಿಗೆ ನೀರು ಕೊಡು, ನನಗಿಂತ ಅವಳೇ ಬಿಳಿಚಿಕೊಂಡಿದ್ದಾಳೆ."

ನೀರು ಕುಡಿಯುವಾಗ ಲೋಟ ಹಲ್ಲಿಗೆ ಟಕಟಕ ತಾಗಿತು. ಹಾಗೆ ಕುಡಿಯುತ್ತಲೇ ಅವಳು ಎಲ್ಲ ಹೇಳಿಬಿಟ್ಟಳು.

ಆರು ತಿಂಗಳ ಹಿಂದೆ ಅವಳ ಮೊದಲನೇ ಬೈಕು ಕಳುವಾಗಿತ್ತು. ರೋಗಿಯೊಬ್ಬರ ಮನೆ ಮುಂದೆ ನಿಲ್ಲಿಸಿ ಮೇಲೆ ಹೋಗಿ ಹತ್ತು ನಿಮಿಷದಲ್ಲಿ ಇಳಿದಿದ್ದಳು. ಬೈಕು ನಿಂತಿದ್ದ ಜಾಗದಲ್ಲಿ ನಾಲ್ಕು ಹನಿ ಎಣ್ಣೆ ಬಿಟ್ಟು ಬೇರೇನೂ ಇರಲಿಲ್ಲ. ಅವಳ ಲ್ಯಾಬಿನ ನಿಯಮ ಸರಳ. ಸ್ವಂತ ಗಾಡಿ ಇದ್ದರೆ ಕೆಲಸ, ಇಲ್ಲದಿದ್ದರೆ ಇಲ್ಲ. ಆಗ ಬಸ್ಸು ಓಡಿಸಿ ನಿವೃತ್ತರಾಗಿದ್ದ ಅವಳ ಅಪ್ಪ ಇಪ್ಪತ್ತೆರಡು ವರ್ಷ ಮಗುವಿನ ಹಾಗೆ ನೋಡಿಕೊಂಡಿದ್ದ ತಮ್ಮ ಬೈಕಿನ ಕೀಯನ್ನು ಅವಳ ಊಟದ ತಟ್ಟೆಯ ಪಕ್ಕ ಇಟ್ಟರು. ಒಂದು ಮಾತು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಅಂದಿನಿಂದ ಅವಳ ಹೊಟ್ಟೆಯೊಳಗೊಂದು ಭಯ ಮನೆಮಾಡಿತ್ತು. ಹ್ಯಾಂಡಲ್ ಲಾಕ್, ಚಕ್ರಕ್ಕೊಂದು ಬೀಗ, ಕಂಬಕ್ಕೆ ಸರಪಳಿ. ಹಾಕಿ ನಾಲ್ಕು ಹೆಜ್ಜೆ ಹೋಗಿ ತಿರುಗಿ ಬಂದು ಜಗ್ಗಿ ನೋಡುವುದು. ಮೆಟ್ಟಿಲ ಮಧ್ಯದಿಂದ ವಾಪಸ್ಸು ಬಂದು ಮತ್ತೊಮ್ಮೆ ಜಗ್ಗುವುದು. ಯಾರ ಮನೆಯಲ್ಲಾದರೂ ಕಿಟಕಿ ಇಲ್ಲದಿದ್ದರೆ ಅವಳ ಕೈ ನಡುಗುತ್ತಿತ್ತು. ಕೈ ನಡುಗಿದರೆ ನರ ಸಿಗುವುದಿಲ್ಲ, ಎರಡು ಮೂರು ಸಲ ಚುಚ್ಚಬೇಕಾಗುತ್ತದೆ. ಲ್ಯಾಬಿನ ಮುಖ್ಯಸ್ಥರು ಆಗಲೇ ಎಚ್ಚರಿಕೆ ಕೊಟ್ಟಿದ್ದರು. ಇನ್ನೊಂದು ದೂರು ಬಂದರೆ ಮನೆಗೆ ಹೋಗಬಹುದು ಎಂದಿದ್ದರು.

"ಈಗ ನೀವೇ ದೂರು ಕೊಡಿ" ಎಂದಳು ಅವಳು. "ಕೊಡಬೇಕಾದ್ದೇ."

ಅವನು ಎದ್ದು ಬಾಗಿಲ ಕಡೆ ನಡೆದ.

"ದೂರು ಆಮೇಲೆ. ಮೊದಲು ಕೆಳಗೆ ಬನ್ನಿ."

ಕೆಳಗೆ ಬಂದು ಅವಳೆದುರೇ ಅವಳ ಚಕ್ರದ ಬೀಗವನ್ನು ತೆಗೆದ. ಅವಳು ಐದು ಎಣಿಸುವಷ್ಟರಲ್ಲಿ ಅದು ಬಾಯ್ತೆರೆದು ಅವನ ಅಂಗೈಯಲ್ಲಿ ಬಿದ್ದಿತ್ತು.

ಆರು ತಿಂಗಳಿಂದ ಇದನ್ನು ನಂಬಿಕೊಂಡು ತಿರುಗುತ್ತಿದ್ದೆನಾ?

"ಹೆದರಿಸೋಕೆ ತೋರಿಸಿದ್ದಲ್ಲ" ಎಂದ ಅವನು. "ಸರಪಳಿ ನೆಲ ಮುಟ್ಟಬಾರದು, ನೆಲಕ್ಕೆ ಒತ್ತಿ ಸುತ್ತಿಗೇಲಿ ಹೊಡೆದ್ರೆ ಮುರಿಯುತ್ತೆ. ಬರೀ ಚಕ್ರಕ್ಕೆ ಕಟ್ಟಿದ್ರೆ ಚಕ್ರ ಬಿಟ್ಟು ಉಳಿದದ್ದು ತಗೊಂಡು ಹೋಗ್ತಾರೆ, ಅದಕ್ಕೆ ಫ್ರೇಮಿನೊಳಗಿಂದ ತರಬೇಕು. ಇನ್ನೊಂದು, ದಿನಾ ಒಂದೇ ಜಾಗ, ಒಂದೇ ಟೈಮು ಬೇಡ. ಕಳ್ಳ ಮೊದಲು ನೋಡೋದು ಬೀಗ ಅಲ್ಲ, ನಿಮ್ಮನ್ನ."

ಅವತ್ತೇ ಅವನು ಹಳೆಯ ಬೀಗ ಎಸೆದು ಗಟ್ಟಿಯಾದದ್ದೊಂದನ್ನು ಹಾಕಿಕೊಟ್ಟ. ಅದರ ಎರಡೂ ಕೀಗಳನ್ನು ಅವಳ ಕೈಗಿಟ್ಟ.

"ನಿಮ್ಮ ಹತ್ರ ಇನ್ನೊಂದು ಇಲ್ಲ ಅಂತ ನಾನು ಹೇಗೆ ನಂಬೋದು?" ಕೇಳಿದ ಮೇಲೆ ನಾಲಿಗೆ ಕಚ್ಚಿಕೊಂಡಳು.

ಅವನು ಬೇಸರಪಡಲಿಲ್ಲ. "ಒಳ್ಳೆ ಪ್ರಶ್ನೆ. ನಮ್ಮ ಕಸುಬೇ ಇಂಥದ್ದು ನೋಡಿ, ಒಂದು ಸಲ ಹೆಸರು ಕೆಟ್ರೆ ಮುಗೀತು. ಆಮೇಲೆ ಯಾರೂ ಮನೆ ಬಾಗಿಲು ತೋರಿಸಲ್ಲ. ಅದಕ್ಕೇ ಇಟ್ಕೊಳ್ಳಲ್ಲ."

ವಾರಕ್ಕೆ ಎರಡು ದಿನ ಅಜ್ಜಿಯ ರಕ್ತಪರೀಕ್ಷೆ. ಮುಂದಿನ ಸಲ ಅವಳು ಬಂದಾಗ ಅವನು ಸ್ಟೂಲನ್ನು ಅಂಗಡಿಯ ಹೊರಗೆ, ಬೈಕಿನ ಪಕ್ಕಕ್ಕೇ ಹಾಕಿಕೊಂಡು ಕೂತಿದ್ದ.

"ನೀವು ಸೂಜಿ ನೋಡಿ. ನಾನು ಗಾಡಿ ನೋಡ್ಕೋತೀನಿ."

ಅಷ್ಟೇ ಮಾತು. ಆದರೆ ಅಂದು ಅಜ್ಜಿಯ ನರ ಒಂದೇ ಸಲಕ್ಕೆ ಸಿಕ್ಕಿತು. ಅವಳು ಕಿಟಕಿಯ ಕಡೆ ತಿರುಗಲಿಲ್ಲ ಎಂಬುದು ಅವಳಿಗೇ ಗೊತ್ತಾದದ್ದು ಮೆಟ್ಟಿಲಿಳಿಯುವಾಗ.

ಅಜ್ಜಿಗೆ ಮಾತ್ರ ಎಲ್ಲ ಗೊತ್ತಾಗುತ್ತಿತ್ತು. "ಮೊದಲು ನನ್ನ ರಕ್ತ ತೆಗೆದು ಓಡ್ತಿದ್ದೆ. ಈಗ ಕೆಳಗೆ ಇಳಿದ ಮೇಲೂ ಅರ್ಧ ಗಂಟೆ ಗಾಡಿ ಸದ್ದೇ ಕೇಳಲ್ಲ. ಅದೇನಮ್ಮ, ಬೀಗ ತೆಗೆಯೋಕೆ ಅಷ್ಟು ಹೊತ್ತಾ?"

"ಬೀಗ ಗಟ್ಟಿ ಇದೆ ಅಜ್ಜಿ" ಎಂದಳು, ಕಿವಿಯವರೆಗೂ ಕೆಂಪಗಾಗಿ.

ಹೀಗೆ ಎರಡು ತಿಂಗಳು. ಅವಳಿಗೆ ಅವನು ಇಷ್ಟ. ಅವನಿಗೆ ಅವಳು ಇಷ್ಟ. ಹೇಳುವುದೊಂದು ಬಿಟ್ಟು ಇಬ್ಬರೂ ಉಳಿದೆಲ್ಲ ಮಾತಾಡುತ್ತಿದ್ದರು.

ಆದರೆ ಭಯ ಅಷ್ಟು ಸುಲಭವಾಗಿ ಮನೆ ಖಾಲಿ ಮಾಡುವುದಿಲ್ಲ.

ಆ ಬೆಳಿಗ್ಗೆ ಅವಳ ಡಬ್ಬಿಯಲ್ಲಿ ಆಗಲೇ ನಾಲ್ಕು ಮನೆಯ ಸ್ಯಾಂಪಲ್‌ಗಳಿದ್ದವು. ಬೀದಿಗೆ ತಿರುಗುವಾಗಲೇ ಲ್ಯಾಬಿನ ಮುಖ್ಯಸ್ಥರ ಫೋನು. ಹಿಂದಿನ ದಿನ ಯಾರದೋ ಟ್ಯೂಬಿನ ಮೇಲೆ ಚೀಟಿ ಸರಿಯಾಗಿ ಅಂಟಿರಲಿಲ್ಲವಂತೆ. ಕಿವಿಗೂ ಭುಜಕ್ಕೂ ನಡುವೆ ಫೋನು ಸಿಕ್ಕಿಸಿಕೊಂಡು "ಹೌದು ಸರ್... ಇನ್ನು ಮೇಲೆ ನೋಡ್ಕೋತೀನಿ ಸರ್..." ಎನ್ನುತ್ತಲೇ ಗಾಡಿ ನಿಲ್ಲಿಸಿದಳು, ಬೀಗಗಳನ್ನು ಹಾಕಿದಳು, ಮೆಟ್ಟಿಲು ಹತ್ತಿದಳು. ಬೈಗುಳ ಅಜ್ಜಿಯ ಮನೆಯ ಬಾಗಿಲವರೆಗೂ ಜೊತೆಗೇ ಬಂತು.

ರಕ್ತ ತೆಗೆದು, ಎಂದಿನಂತೆ ಮುಂದಿನ ಮೆಟ್ಟಿಲಿಳಿದು ಕೆಳಗೆ ಬಂದಳು.

ಕಂಬ ಇತ್ತು. ಬೈಕು ಇರಲಿಲ್ಲ.

ಸ್ಟೂಲು ಇರಲಿಲ್ಲ. ಬೀಗದಂಗಡಿಯ ಷಟರ್ ಮುಚ್ಚಿತ್ತು.

ಅವಳು ಹಾಗೇ ನಿಂತಳು. ಮೂರೂ ಬೀಗದ ಕೀಗಳು ಅಂಗೈಯಲ್ಲಿದ್ದವು. ನೆಲದಲ್ಲಿ ಮುರಿದ ಸರಪಳಿಯ ಒಂದು ಕೊಂಡಿಯೂ ಇರಲಿಲ್ಲ. ಕೀ ಇಲ್ಲದೆ, ಮುರಿಯದೆ, ಈ ಬೀದಿಯಲ್ಲಿ ಮೂರು ಬೀಗ ತೆಗೆಯಬಲ್ಲವನು...

ಬೇಡ. ಹಾಗೆ ಯೋಚಿಸಬೇಡ.

ಯೋಚನೆ ನಿಲ್ಲಲಿಲ್ಲ.

ಅವನಿಗೆ ಫೋನು ಮಾಡಿದಳು. ಮುಚ್ಚಿದ ಷಟರಿನ ಒಳಗೆ ಎಲ್ಲೋ ಅದು ರಿಂಗಾಗಿ ನಿಂತಿತು. ಫೋನನ್ನೂ ಬಿಟ್ಟು ಹೋಗಿದ್ದಾನೆ! ಪಕ್ಕದ ಟೈಲರಕ್ಕ ಹೊಲಿಗೆ ಯಂತ್ರದಿಂದ ತಲೆಯೆತ್ತಿದರು.

"ಅವನಾ? ಹತ್ತು ನಿಮಿಷ ಆಯ್ತು. ಗಡಿಬಿಡಿಯಲ್ಲಿ ಷಟರ್ ಎಳೆದ, ಬೈಕಲ್ಲಿ ಹೋದ."

"ಬೈಕಲ್ಲಾ? ಯಾವ ಬೈಕು?"

"ನಾನು ನೋಡಲಿಲ್ಲಮ್ಮ. ಸದ್ದು ಕೇಳಿದೆ ಅಷ್ಟೆ."

ಅಪ್ಪನ ಮುಖ ಕಣ್ಣೆದುರು ಬಂತು. ಈ ಸಲವೂ ಅವರು ಬೈಯುವುದಿಲ್ಲ. ಗಾಡಿ ಇಲ್ಲ, ನಾಳೆಯಿಂದ ಕೆಲಸವಿಲ್ಲ.

ಗಸ್ತಿಗೆ ಬಂದಿದ್ದ ಇಬ್ಬರು ಪೊಲೀಸರು ಅವಳನ್ನು ನೋಡಿ ನಿಂತರು. ಏನಾಯಿತೆಂದು ಕೇಳಿದರು. ಯಾರ ಮೇಲಾದರೂ ಅನುಮಾನ ಇದೆಯೇ ಎಂದರು.

ಆಗ ಅವಳು ಆ ಮಾತು ಆಡಿದಳು. ಟೈಲರಕ್ಕನ ಎದುರು, ಹಾಲಿನ ಅಂಗಡಿಯವರ ಎದುರು, ಜೆರಾಕ್ಸ್ ಅಂಗಡಿಯ ಮುಂದೆ ನಿಂತಿದ್ದ ಆರೇಳು ಜನರ ಎದುರು ಆಡಿದಳು.

"ಈ ಬೀಗದಂಗಡಿಯವರು. ಅವರಿಗೆ ಮಾತ್ರ ತೆಗೆಯೋಕೆ ಬರುತ್ತೆ."

ಬೀದಿಯಲ್ಲಿ ಗುಸುಗುಸು ಶುರುವಾಯಿತು. "ಛೆ, ನಮ್ಮನೆ ಬೀಗ ಕೂಡ ಅವನೇ ಮಾಡಿದ್ದು" ಎಂದರು ಯಾರೋ. ಪೊಲೀಸರು ಅವನನ್ನು ಹುಡುಕಿಕೊಂಡು ಹೊರಟರು.

ಲ್ಯಾಬಿನಿಂದ ಸಹೋದ್ಯೋಗಿಯೊಬ್ಬಳು ಬಂದು ಸ್ಯಾಂಪಲ್ ಡಬ್ಬಿ ತೆಗೆದುಕೊಂಡು ಹೋದಳು. ನಮ್ಮ ಹುಡುಗಿ ಮುಚ್ಚಿದ ಷಟರಿಗೆ ಒರಗಿ ಕೂತೇ ಇದ್ದಳು. ಅಳು ಬರುತ್ತಿತ್ತು. ವಿಚಿತ್ರವೆಂದರೆ, ಅಳುವಾಗ ಅವಳ ಕಣ್ಣೆದುರು ಬರುತ್ತಿದ್ದುದು ಬೈಕಲ್ಲ. ಖಾಲಿಯಾಗಿದ್ದ ಆ ಸ್ಟೂಲಿನ ಜಾಗ.

ಒಂದು ಗಂಟೆಯ ಮೇಲೆ, ಪೊಲೀಸರು ಅವನನ್ನು ಠಾಣೆಗೆ ಕರೆದೊಯ್ದರಂತೆ ಎಂಬ ಸುದ್ದಿ ಬೀದಿಗೆ ಬಂದ ಹೊತ್ತಿಗೆ, ಅಜ್ಜಿ ಬಾಲ್ಕನಿಯಿಂದ ಬಗ್ಗಿದರು. ಬಟ್ಟೆ ಒಣಹಾಕಲು ಹಿಂದಿನ ಬಾಲ್ಕನಿಗೆ ಹೋಗಿ ಬಂದಿದ್ದರು.

"ಏನಮ್ಮ, ಇನ್ನೂ ಇಲ್ಲೇ ಕೂತಿದ್ದೀಯ? ಗಾಡಿ ಯಾಕೆ ಇವತ್ತು ಹಿಂದಿನ ಗೇಟಿಗೆ ಕಟ್ಟಿದ್ದೀಯ?"

ಅವಳು ಎದ್ದು ನಿಂತಳು. ಕಟ್ಟಡವನ್ನು ಸುತ್ತಿ ಓಡಿದಳು.

ಹಿಂದಿನ ಕಬ್ಬಿಣದ ಗೇಟಿಗೆ ಒರಗಿ ಅಪ್ಪನ ಬೈಕು ತಣ್ಣಗೆ ನಿಂತಿತ್ತು. ಹ್ಯಾಂಡಲ್ ಲಾಕ್ ಹಾಕಿತ್ತು. ಚಕ್ರದ ಬೀಗ ಹಾಕಿತ್ತು. ಸರಪಳಿ ಫ್ರೇಮಿನೊಳಗಿಂದ ಬಂದಿತ್ತು, ನೆಲವನ್ನು ಮುಟ್ಟಿರಲಿಲ್ಲ.

ಬೆಳಿಗ್ಗೆ ಮನೆಯಿಂದ ಹೊರಡುವಾಗಲೇ ನಿರ್ಧರಿಸಿದ್ದಳು, ಇವತ್ತು ಜಾಗ ಬದಲಾಯಿಸಬೇಕು ಅಂತ. ದಿನಾ ಒಂದೇ ಜಾಗ ಬೇಡ ಎಂದು ಅವನೇ ಹೇಳಿದ್ದನಲ್ಲ. ಫೋನಿನ ಬೈಗುಳದಲ್ಲಿ ಕೈ ತನ್ನ ಕೆಲಸ ಮಾಡಿತ್ತು, ಹಿಂದಿನ ಮೆಟ್ಟಿಲನ್ನು ಕಾಲು ಹತ್ತಿತ್ತು. ತಲೆಗೆ ಮಾತ್ರ ಸುದ್ದಿ ಮುಟ್ಟಿರಲಿಲ್ಲ. ಅವನು ಹೇಳಿದ್ದನ್ನು ಅಕ್ಷರಕ್ಕಕ್ಷರ ಪಾಲಿಸಿ, ಅವನನ್ನೇ ಕಳ್ಳ ಮಾಡಿದ್ದಳು.

ಹೋಗಿ ಅಜ್ಜಿಗೆ ನಡೆದದ್ದನ್ನೆಲ್ಲ ಹೇಳಿದಳು. ಒಂದನ್ನೂ ಮುಚ್ಚಿಡಲಿಲ್ಲ.

ಅಜ್ಜಿ ಖಾಲಿ ಬಕೆಟ್ಟನ್ನು ಕೆಳಗಿಟ್ಟು ಅವಳನ್ನೇ ನೋಡಿದರು. ಅವರ ಬಾಯಿಂದ ಒಂದು ಕೆಟ್ಟ ಮಾತು ಬಂದಿದ್ದರೆ ಅವಳಿಗೆ ಹಗುರವಾಗುತ್ತಿತ್ತು.

"ನಾನು ಏನೂ ಹೇಳಲ್ಲ" ಎಂದರು ಕೊನೆಗೆ. "ಹೋಗು. ನೀನೇ ಕರ್ಕೊಂಡು ಬಾ."

ಠಾಣೆಯಲ್ಲಿ ಅವನು ಗೋಡೆ ಬದಿಯ ಬೆಂಚಿನ ಮೇಲೆ ಕೂತಿದ್ದ. ಅವಳನ್ನು ನೋಡಿದ. ನೋಡಿ ಕಣ್ಣು ಬೇರೆ ಕಡೆ ತಿರುಗಿಸಿದ.

ಅವಳು ನೇರವಾಗಿ ಮೇಜಿನ ಮುಂದೆ ಹೋಗಿ ನಿಂತಳು. ಕೈ ನಡುಗುತ್ತಿತ್ತು. ನಡುಗಲಿ ಎಂದುಕೊಂಡಳು.

"ಸರ್, ನನ್ನ ಗಾಡಿ ಕಳುವಾಗಿರಲೇ ಇಲ್ಲ. ನಾನೇ ಹಿಂದೆ ನಿಲ್ಲಿಸಿ ಮರೆತಿದ್ದೆ. ಇವರದೇನೂ ತಪ್ಪಿಲ್ಲ. ಎಲ್ಲಿ ಬರೆದುಕೊಡಬೇಕೋ ಹೇಳಿ, ಬರೆದುಕೊಡ್ತೀನಿ."

ಮೇಜಿನ ಹಿಂದಿದ್ದ ಪೊಲೀಸ್ ತಲೆಗೆ ಕೈ ಹಚ್ಚಿಕೊಂಡ. "ಏನಮ್ಮ ನೀವು... ಅಲ್ಲೊಂದು ಮನೆ ಬಾಗಿಲು ತಾನಾಗಿ ಲಾಕ್ ಆಗಿ ಒಳಗೆ ಎರಡು ವರ್ಷದ ಮಗು ಸಿಕ್ಕಿಬಿದ್ದಿತ್ತು. ಮಗುವಿನ ಅಪ್ಪ ಬಂದು ಇವರನ್ನ ಬೈಕಲ್ಲಿ ಕರ್ಕೊಂಡು ಹೋಗಿದ್ದ. ನಾವು ವಿಚಾರಿಸ್ಕೊಂಡು ಹೋಗಿ ಹಿಡಿದಾಗ ಒಂದೇ ಮಾತು ಅಂದ್ರು, ಬಾಗಿಲು ತೆಗೆದು ಬರ್ತೀನಿ ಅಂತ. ತೆಗೆದ್ರು, ಬಂದು ಕೂತ್ರು."

ಅವಳು ಅವನ ಕಡೆ ತಿರುಗಲಾರದೆ ಹೋದಳು. ಕಾಗದ ಕೇಳಿ ಪಡೆದು, ಕಣ್ಣೀರು ಒರೆಸಿಕೊಂಡು, ಬರೆದಳು. ತಪ್ಪು ನನ್ನದು ಎಂಬ ಸಾಲನ್ನು ಯಾರೂ ಹೇಳದಿದ್ದರೂ ಎರಡು ಸಲ ಬರೆದಳು.

ಹೊರಗೆ ಬಂದು ಅವನು ನಡೆಯಲು ಶುರು ಮಾಡಿದ.

"ಗಾಡಿ ಹತ್ತಿ... ಬಿಡ್ತೀನಿ."

"ಬೇಡ. ನಡೀತೀನಿ."

ಅವಳು ಬೈಕು ಸ್ಟಾರ್ಟ್ ಮಾಡಲಿಲ್ಲ. ಹ್ಯಾಂಡಲ್ ಹಿಡಿದು ತಳ್ಳುತ್ತಾ ಅವನ ಪಕ್ಕದಲ್ಲೇ ನಡೆದಳು. ಹಳೆಯ ಕಾಲದ ಭಾರದ ಗಾಡಿ ಅದು. ಬಿಸಿಲು ಏರಿತ್ತು. ಅವನು ಬೇಗ ನಡೆದರೆ ಅವಳೂ ಬೇಗ ತಳ್ಳಿದಳು. ದಾರಿಯಲ್ಲಿ ಫೋನು ಬಂತು. ಲ್ಯಾಬಿನ ಮುಖ್ಯಸ್ಥರು.

"ಸರ್, ನಾಳೆ ಬಂದು ನಿಂತ್ಕೋತೀನಿ, ಏನು ಹೇಳಬೇಕೋ ಹೇಳಿ. ಈಗ ನನಗೆ ಇದಕ್ಕಿಂತ ದೊಡ್ಡ ಕೆಲಸ ಇದೆ" ಎಂದು ಫೋನಿಟ್ಟಳು. ಅವಳ ಕೆಲಸ ಹೋಗಬಹುದಿತ್ತು. ಮೊದಲ ಬಾರಿ ಆ ಯೋಚನೆ ಅವಳನ್ನು ಹೆದರಿಸಲಿಲ್ಲ.

ಅವನು ಓರೆಗಣ್ಣಲ್ಲಿ ನೋಡಿದ.

ಬೀದಿ ಬಂತು. ಹಾಲಿನ ಅಂಗಡಿಯ ಮುಂದೆ ಅವಳು ನಿಂತಳು.

"ಅಣ್ಣ, ಗಾಡಿ ಸಿಕ್ತು. ನಾನೇ ಹಿಂದೆ ನಿಲ್ಲಿಸಿದ್ದೆ. ಇವರ ಬಗ್ಗೆ ನಾನು ಆಡಿದ್ದು ಸುಳ್ಳು."

ಜೆರಾಕ್ಸ್ ಅಂಗಡಿಯಲ್ಲೂ ಅದೇ ಮಾತು ಹೇಳಿದಳು. ಟೈಲರಕ್ಕನ ಮುಂದೆಯೂ ಪೂರ್ತಿ ಹೇಳಿದಳು. ಬೆಳಿಗ್ಗೆ ಗುಸುಗುಸು ಮಾಡಿದ್ದವರು ತಮ್ಮ ತಮ್ಮ ಚಪ್ಪಲಿ ನೋಡಿಕೊಂಡರು. ಇನ್ನೂ ಆಚೆಯ ಅಂಗಡಿಗೆ ಗಾಡಿ ತಿರುಗಿಸಿದಾಗ ಅವನು ಹ್ಯಾಂಡಲ್ಲಿಗೆ ಕೈ ಹಾಕಿದ.

"ಸಾಕು. ಅವರು ಬೆಳಿಗ್ಗೆ ಅಂಗಡಿಯಲ್ಲಿ ಇರಲೇ ಇಲ್ಲ."

"ಕೇಳಿಸ್ಕೊಂಡಿರ್ತಾರೆ."

"ಸಾಕು ಅಂದೆ." ಅವನು ಗಾಡಿಯನ್ನು ತನ್ನ ಕಡೆಗೆ ಎಳೆದುಕೊಂಡು ಸ್ಟ್ಯಾಂಡ್ ಹಾಕಿದ. ಅವಳ ಅಂಗೈ ಕೆಂಪಾಗಿ ಊದಿತ್ತು. ಅದನ್ನು ನೋಡಿ ಅವನ ಮುಖ ಸ್ವಲ್ಪ ಸಡಿಲವಾಯಿತು, ಸ್ವಲ್ಪ ಮಾತ್ರ.

"ಒಂದು ಕೇಳ್ಲಾ?" ಎಂದ. "ನನ್ನ ಹೆಸರು ಹೇಳೋವಾಗ ನಿಮಗೆ ಒಂದು ಸಲನೂ ಅನುಮಾನ ಬರಲಿಲ್ವಾ? ಇವನು ಹಾಗೆ ಮಾಡಲ್ಲ ಅಂತ?"

ಅವಳು ನಿಜವನ್ನೇ ಹೇಳಿದಳು. "ಬಂತು. ಭಯ ಅದಕ್ಕಿಂತ ಜೋರಾಗಿತ್ತು. ನಾನು ಇಷ್ಟಪಟ್ಟಿದ್ದೆಲ್ಲ ಯಾರೋ ಎತ್ಕೊಂಡು ಹೋಗ್ತಾರೆ ಅಂತಲೇ ಕಾಯ್ತಾ ಕೂತಿರೋಳು ನಾನು. ಷಟರ್ ಮುಚ್ಚಿದ್ದು ನೋಡಿ ಗಾಡಿಗೋಸ್ಕರ ಅತ್ತೆ ಅಂದ್ಕೊಂಡಿದ್ದೆ. ಅಲ್ಲ. ನೀವು ಹೋದ್ರಲ್ಲ ಅಂತ ಅತ್ತಿದ್ದು. ನನಗೆ ನೀವಂದ್ರೆ ಅಷ್ಟು ಇಷ್ಟ. ಇದನ್ನ ಹೇಳೋಕೆ ಇವತ್ತು ನನಗೆ ಯೋಗ್ಯತೆ ಇಲ್ಲ, ಆದ್ರೂ ಹೇಳ್ತಿದ್ದೀನಿ."

ಟೈಲರಕ್ಕನ ಯಂತ್ರ ನಿಂತು ಎಷ್ಟೋ ಹೊತ್ತಾಗಿತ್ತು. ಅವನು ಅತ್ತ ಒಮ್ಮೆ ನೋಡಿದ. ಯಂತ್ರ ಮತ್ತೆ ಓಡತೊಡಗಿತು.

"ಆ ಬೆಂಚಿನ ಮೇಲೆ ಕೂತು ನಾನು ಏನು ಯೋಚಿಸ್ತಿದ್ದೆ ಗೊತ್ತಾ?" ಅವನ ದನಿ ತಗ್ಗಿತ್ತು. "ನನ್ನ ಹೆಸರು ಹೋಯ್ತಲ್ಲ ಅಂತ ಯೋಚಿಸಬೇಕಿತ್ತು. ಅದರ ಬದಲು, ಗಾಡಿ ನಿಜವಾಗ್ಲೂ ಹೋಗಿದ್ರೆ ಇವರ ಕೆಲಸ ಹೋಗುತ್ತೆ, ಇನ್ನು ನಮ್ಮ ಬೀದಿಗೆ ಬರಲ್ಲ ಅಂತ ಯೋಚಿಸ್ತಿದ್ದೆ. ನನ್ನ ಮೇಲೆ ನನಗೇ ಸಿಟ್ಟು ಬಂತು."

ಅವಳ ಕಣ್ಣು ತುಂಬಿತು. "ನನ್ನ ಮೇಲೆ ಇಲ್ವಾ?"

"ಇಲ್ಲ ಅಂದ್ರೆ ಸುಳ್ಳಾಗುತ್ತೆ. ತುಂಬಾ ಇದೆ. ಒಂದೆರಡು ದಿನ ನಾನು ಸರಿಯಾಗಿ ಮಾತಾಡದೆ ಇರಬಹುದು."

"ಇರಿ. ನಾನು ಬಂದು ಎದುರಿಗೆ ಕೂತ್ಕೋತೀನಿ."

"ಅಜ್ಜಿ ಟೆಸ್ಟ್ ಇರೋದು ನಾಲ್ಕು ದಿನ ಬಿಟ್ಟು."

"ಅಜ್ಜಿಗೋಸ್ಕರ ಅಲ್ಲ."

ಅವನು ಷಟರ್ ಮೇಲಕ್ಕೆತ್ತಿದ. ಒಳಗಿನಿಂದ ಸ್ಟೂಲು ತಂದ. ಒಂದು ಕ್ಷಣ ನಿಂತು, ಒಳಗೆ ಹೋಗಿ ಇನ್ನೊಂದನ್ನೂ ತಂದು ಅದರ ಎದುರಿಗೆ ಇಟ್ಟ.

"ಹಾಗಾದ್ರೆ ಇವತ್ತಿಂದಲೇ ಕೂತ್ಕೊಳ್ಳಿ" ಎಂದ, ಇನ್ನೂ ಮುಖ ಗಂಟಿಕ್ಕಿಕೊಂಡೇ. "ಸಿಟ್ಟು ಈಗಲೇ ಶುರುವಾಗಿದೆ."

ಅವಳು ಕೂತಳು.